ಗೈರುಹಾಜರಿಯ ಲೆಕ್ಕ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಕೂಲಿಕಾರರು ಆ ಯೋಜನೆಯ ಉದ್ದ ಹೆಸರನ್ನು ಹೇಳುವವರಲ್ಲ. ಅವರ ಬಾಯಲ್ಲಿ ಅದು ಬರೀ 'ಖಾತ್ರಿ'. ಉರ್ದು ಓದಿದ ನಮಗೆ ಆ ಮಾತಿನ ಹಿಂದೆ 'ಖಾತಿರ್' ಎಂಬ ಶಬ್ದ ಕೇಳಿಸುತ್ತದೆ, ಅಂದರೆ ಮನಸ್ಸು. ವರ್ಷಕ್ಕೆ ನೂರು ದಿನದ ಕೆಲಸದ ಹಕ್ಕು ಕೈಯಲ್ಲಿದ್ದರೂ, ಅದಕ್ಕಾಗಿ ಪಂಚಾಯಿತಿ ಮುಂದೆ ಧರಣಿ ಕೂತ ಕೂಲಿಕಾರರ ಸಂಘದವರೇ ಅರ್ಧಕ್ಕೆ ಬಿಟ್ಟು ಬೆಂಗಳೂರಿನ ಬಸ್ಸು ಹತ್ತಿದ್ದೇಕೆ? ಸೋಮಾರಿಗಳು ಎಂಬ ಉತ್ತರ ಕಚೇರಿಗಳಲ್ಲೂ ಜಮೀನ್ದಾರರ ಕಟ್ಟೆಗಳಲ್ಲೂ ಸದಾ ಸಿದ್ಧವಿರುತ್ತದೆ. ಎಂಟನೇ ಅಂತಸ್ತಿಗೆ ಇಟ್ಟಿಗೆ ಹೊರುವವನನ್ನು ಸೋಮಾರಿ ಎನ್ನಲು ನಮಗಂತೂ ಬಾಯಿ ಬರುವುದಿಲ್ಲ.

ಈ ಸೀಮೆಯಲ್ಲಿ ದುಡಿಮೆಗೂ ಒತ್ತಾಯಕ್ಕೂ ಹಳೆಯ ನಂಟು. ನಿಜಾಮರ ಸಂಸ್ಥಾನದ ಹಳ್ಳಿಗಳಲ್ಲಿ ಬಿಟ್ಟಿ ಬೇಗಾರಿಗೆ ಕರೆ ಬಂದರೆ ಬಡವ ಒಲ್ಲೆ ಎನ್ನುವಂತಿರಲಿಲ್ಲ. ಮುಂದೆ ಬರಗಾಲದಲ್ಲಿ ಸರ್ಕಾರವೇ ಕಾಮಗಾರಿ ತೆಗೆಯುತ್ತಿತ್ತು. ಅದು ದಯೆ, ಹಕ್ಕಲ್ಲ. 1972ರ ಭೀಕರ ಬರದ ನಂತರ, 1977ರಲ್ಲಿ, ನೆರೆಯ ಮಹಾರಾಷ್ಟ್ರ ಕೆಲಸ ಕೇಳುವುದನ್ನು ಕಾನೂನಿನ ಹಕ್ಕಾಗಿಸಿತು. ದೇಶಕ್ಕೆ ಅಂಥ ಕಾಯ್ದೆ ಬಂದದ್ದು 2005ರಲ್ಲಿ. 2006ರ ಫೆಬ್ರುವರಿಯಲ್ಲಿ ಮೊದಲ 200 ಜಿಲ್ಲೆಗಳಲ್ಲಿ ಜಾರಿಯಾದಾಗ ಅವುಗಳಲ್ಲಿ ಗುಲ್ಬರ್ಗವೂ ಒಂದು. ಯಾದಗಿರಿ ಆಗ ಅದರೊಳಗೇ ಇತ್ತು.

ಕೇಳಿದವರಿಗೆ 15 ದಿನದೊಳಗೆ ಕೆಲಸ, ಇಲ್ಲವಾದರೆ ನಿರುದ್ಯೋಗ ಭತ್ಯೆ. ಹಾಗಾಗಿ ಕೃಷಿ ಕೂಲಿಕಾರರ ಸಂಘಗಳ ಮೊದಲ ಜಗಳವೆಲ್ಲ ಒಂದು ತುಂಡು ಕಾಗದಕ್ಕೆ: ಅರ್ಜಿ ಕೊಟ್ಟ ತಾರೀಖು ಬರೆದ ರಸೀದಿ. ಆದರೆ ಕೇಳಿದರೆ ಮಾತ್ರ ಕೆಲಸ ಎಂಬ ಈ ನಿಯಮಕ್ಕೆ ಇನ್ನೊಂದು ಮುಖವೂ ಇತ್ತು. ಯಾವ ತಿಂಗಳು ಕೇಳಬೇಕು, ಯಾವಾಗ ಬಿಡಬೇಕು ಎಂಬುದು ಕೂಲಿಕಾರರ ಖುಷಿ. ಬೇಗಾರಿ ಮಾಡಿದವರ ಮೊಮ್ಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ.

ಬಿಟ್ಟವರ ಲೆಕ್ಕ ಬಲು ಸರಳ. 2020ರಲ್ಲಿ ಖಾತ್ರಿಯ ದಿನಗೂಲಿ 275 ರೂಪಾಯಿ. ಬೆಂಗಳೂರಿನ ಗಾರೆ ಕೆಲಸದಲ್ಲಿ ಅದಕ್ಕಿಂತ ಹೆಚ್ಚು ಸಿಗುತ್ತಿತ್ತು. ಅದಕ್ಕಿಂತ ಮುಖ್ಯ, ಮೇಸ್ತ್ರಿ ಮುಂಗಡ ಕೊಡುತ್ತಾನೆ. ಮಗಳ ಮದುವೆಯ ಸಾಲ, ಆಸ್ಪತ್ರೆಯ ಸಾಲ ಇದ್ದವರಿಗೆ ಮುಂಗಡವೇ ದೊಡ್ಡದು. ಖಾತ್ರಿಯಲ್ಲಿ ಮುಂಗಡದ ಮಾತಿರಲಿ, ಮಾಡಿದ ಕೆಲಸದ ಕೂಲಿಯೇ ಎಷ್ಟೋ ಸಲ ತಿಂಗಳು ದಾಟಿ ಬರುತ್ತಿತ್ತು. ನಾರಾಯಣಪುರ ಆಣೆಕಟ್ಟಿನ ಎಡದಂಡೆ ಕಾಲುವೆಯ ನೀರು ಕಂಡ ಶಹಾಪುರ, ಸುರಪುರದ ಊರುಗಳಲ್ಲಿ ಗುಳೆಯ ಅಗತ್ಯ ಅಷ್ಟಿರಲಿಲ್ಲ. ಅಲ್ಲಿ ಭತ್ತದ ನಾಟಿ, ಹತ್ತಿ ಬಿಡಿಸುವ ಹಂಗಾಮಿನಲ್ಲಿ ಜನ ಖಾತ್ರಿ ಬಿಟ್ಟು ಹೊಲಕ್ಕೆ ಹೋಗಿ, ಬೇಸಿಗೆಗೆ ಮರಳುತ್ತಿದ್ದರು. ಮಳೆಯನ್ನೇ ನಂಬಿದ ಯಾದಗಿರಿ ಕಡೆಯ ಊರುಗಳಲ್ಲಿ, ತಾಂಡಾಗಳಲ್ಲಿ ಮನೆಗೆ ಬೀಗವೇ ಬೀಳುತ್ತಿತ್ತು.

ಬೀಗ ಬೀಳದ ಮನೆಗಳಲ್ಲಿ ಉಳಿದವರು ಹೆಚ್ಚಾಗಿ ಹೆಂಗಸರು, ವಯಸ್ಸಾದವರು. ಹೊಲದಲ್ಲಿ ಹೆಣ್ಣಾಳಿಗೆ ಗಂಡಾಳಿಗಿಂತ ಕಡಿಮೆ ಕೂಲಿ. ಖಾತ್ರಿಯಲ್ಲಿ ಇಬ್ಬರಿಗೂ ಒಂದೇ. ಗಂಡಸಿಗೆ ಕಡಿಮೆ ಎನಿಸಿದ ಅದೇ ಹಣ ಆಕೆಗೆ ಊರಿನಲ್ಲಿ ಸಿಗುವ ದೊಡ್ಡ ಕೂಲಿ. ಹೊಲದ ಒಡೆಯನ ಮುಂದೆ ನಿಂತು ದರ ಹೆಚ್ಚಿಸೆಂದು ಕೇಳುವ ಧೈರ್ಯವೂ ಅಲ್ಲಿಂದಲೇ ಬಂತು.

2023ರ ಜನವರಿಯಿಂದ ಮೊಬೈಲಿನಲ್ಲಿ ದಿನಕ್ಕೆರಡು ಬಾರಿ ಫೋಟೊ ತೆಗೆದರೇ ಹಾಜರಿ ಎಂದಾಯಿತು. ನೆಟ್‌ವರ್ಕ್ ಸಿಗದ ದಿನ ಗುದ್ದಲಿ ಹಿಡಿದು ಬೆವರು ಸುರಿಸಿದವರೂ ಗೈರು. ಬೇಸತ್ತು ಬಿಟ್ಟವರ ದಿನಗಳು, ಗುಳೆ ಹೋದವರ ದಿನಗಳು, ಎಲ್ಲವೂ ಕಂಪ್ಯೂಟರಿನಲ್ಲಿ 'ಬೇಡಿಕೆ ಇಲ್ಲ' ಎಂದೇ ಲೆಕ್ಕ. ದೇಶದಲ್ಲಿ ಒಂದು ಕುಟುಂಬ ಪಡೆದ ಕೆಲಸದ ಸರಾಸರಿ ನೂರಲ್ಲ, 50 ದಿನದ ಆಸುಪಾಸು. ಸಂಘದವರ ಇಕ್ಕಟ್ಟು ಇದೇ: ಹೋಗಬೇಡಿ ಎನ್ನಲಾರರು, ಹೋದರೆ ಬಾರದ ದಿನವೇ ಅವರ ವಿರುದ್ಧ ಸಾಕ್ಷಿ.

2025ರ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಕಾಯ್ದೆಯ ಜಾಗಕ್ಕೆ ಹೊಸದನ್ನು ತಂದಿತು. ಅದರಲ್ಲಿ ದಿನಗಳು 125. ಜೊತೆಗೆ ಬಿತ್ತನೆ, ಸುಗ್ಗಿಯ ಕಾಲದಲ್ಲಿ ಒಟ್ಟು 60 ದಿನ ಕೆಲಸ ಕೊಡುವಂತಿಲ್ಲ. ಆ ದಿನಗಳನ್ನು ಗೊತ್ತುಮಾಡುವುದು ರಾಜ್ಯ ಸರ್ಕಾರ. ಕೂಲಿಕಾರರು ಈವರೆಗೆ ಖಾತ್ರಿ ಬಿಟ್ಟು ಹೊಲಕ್ಕೆ ಹೋಗುತ್ತಿದ್ದದ್ದೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಆದರೆ ಆಗ ಹತ್ತಿ ಬಿಡಿಸುವ ಕೂಲಿ ಕಡಿಮೆಯಾದರೆ ಸುರಪುರದ ಹೆಂಗಸರು ಪಂಚಾಯಿತಿಗೆ ಹೋಗಿ ಅರ್ಜಿ ಕೊಡಬಹುದಿತ್ತು.