ವಿದ್ಯುತ್ ವಾಹನ: ಬೀದಿಯ ಟ್ರಾನ್ಸ್‌ಫಾರ್ಮರ್‌ನಿಂದ ಬ್ಯಾಟರಿಯವರೆಗೆ

ಬೆಂಗಳೂರು: ಹನುಮಂತನಗರದ 50 ಅಡಿ ರಸ್ತೆಯಿಂದ ರಾಮಾಂಜನೇಯ ಗುಡ್ಡದ ಕಡೆಗೆ ಸಾಗುವ ಯಾವುದೇ ಅಡ್ಡರಸ್ತೆಯಲ್ಲಿ ನಿಂತು ನೋಡಿದರೂ ಕಾಣುವ ದೃಶ್ಯ ಹೆಚ್ಚುಕಡಿಮೆ ಒಂದೇ. ಕಿರಿದಾದ ನಿವೇಶನ, ಅದರ ಮೇಲೆ ಎರಡು-ಮೂರು ಅಂತಸ್ತಿನ ಮನೆ, ಕೆಳಗೆ ಮಾಲೀಕರು, ಮೇಲೆ ಬಾಡಿಗೆದಾರರು, ಗೇಟಿನ ಬಳಿ ಸಾಲಾಗಿ ಮೀಟರುಗಳು, ಬೀದಿಯ ಮೂಲೆಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್. ಈ ಮನೆಗಳಿಗೆ ವಿದ್ಯುತ್ ಹಂಚಿಕೆಯನ್ನು ಯೋಜಿಸಿದ ಕಾಲದಲ್ಲಿ ದೀಪ, ಫ್ಯಾನು, ಮಿಕ್ಸಿ, ಗೀಸರುಗಳೇ ಲೆಕ್ಕಕ್ಕೆ ಬಂದಿದ್ದವು. ಮನೆಯ ಮುಂದೆ ನಿಲ್ಲುವ ವಾಹನವೂ ಒಂದು ದಿನ ಅದೇ ತಂತಿಯಿಂದ ಶಕ್ತಿ ಪಡೆಯುತ್ತದೆಂಬುದು ಆ ಲೆಕ್ಕದಲ್ಲಿ ಇರಲಿಲ್ಲ.

ಈಗ ಆ ದಿನ ಬಂದಿದೆ. ವಿದ್ಯುತ್ ಸರಬರಾಜು ಸಂಸ್ಥೆಗಳ ಎಂಜಿನಿಯರುಗಳು, ಪರವಾನಗಿ ಪಡೆದ ಗುತ್ತಿಗೆದಾರರು, ವಸತಿ ಸಂಘಗಳ ಪದಾಧಿಕಾರಿಗಳು ಹಾಗೂ ವಾಹನ ಕೊಳ್ಳಲು ಯೋಚಿಸುತ್ತಿರುವ ಸಾಮಾನ್ಯ ಗ್ರಾಹಕರು ಈ ವಿಷಯದಲ್ಲಿ ತಿಳಿದಿರಬೇಕಾದ ಮೂಲ ಸಂಗತಿಗಳನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಬೆಂಗಳೂರಿನ ಪಾತ್ರ

ವಿದ್ಯುತ್ ವಾಹನ ಬೆಂಗಳೂರಿಗೆ ಹೊಸತಲ್ಲ. 1905ರಲ್ಲಿ ಶಿವನಸಮುದ್ರದ ಜಲವಿದ್ಯುತ್ತಿನಿಂದ ಬೀದಿದೀಪ ಕಂಡ ಈ ನಗರವೇ, ಸುಮಾರು ಒಂದು ಶತಮಾನದ ನಂತರ, ದೇಶದ ಮೊದಲ ವಾಣಿಜ್ಯ ವಿದ್ಯುತ್ ಕಾರುಗಳಲ್ಲಿ ಹೆಸರಾದ 'ರೇವಾ'ದ ತವರಾಯಿತು. ಮೈನಿ ಸಮೂಹವು ಅಮೆರಿಕದ ಅಮೆರಿಗಾನ್ ಕಂಪನಿಯೊಡನೆ ಸೇರಿ 1994ರಲ್ಲಿ ಸ್ಥಾಪಿಸಿದ ಸಂಸ್ಥೆಯಿಂದ, ಚೇತನ್ ಮೈನಿ ಅವರ ಮುಂದಾಳತ್ವದಲ್ಲಿ, 2001ರಲ್ಲಿ ಈ ಪುಟ್ಟ ಕಾರು ಮಾರುಕಟ್ಟೆಗೆ ಬಂದಿತು. ಲಂಡನ್ನಿನಲ್ಲಿ 'ಜಿ-ವಿಜ್' ಎಂಬ ಹೆಸರಿನಿಂದ ಅದು ಓಡಾಡಿತು. 2010ರಲ್ಲಿ ಮಹೀಂದ್ರ ಸಂಸ್ಥೆ ಕಂಪನಿಯ ಬಹುಪಾಲು ಷೇರುಗಳನ್ನು ಕೊಂಡುಕೊಂಡಿತು.

ರೇವಾದ ಮೊದಲ ಮಾದರಿಯಲ್ಲಿ ಆರು ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳಿದ್ದವು. ಒಟ್ಟು 48 ವೋಲ್ಟ್, ಸುಮಾರು 9.6 ಯೂನಿಟ್ ಸಾಮರ್ಥ್ಯ, ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಓಟ. ಮನೆಯ 15 ಆಂಪಿಯರ್ ಸಾಕೆಟ್ಟಿನಿಂದಲೇ ಅದನ್ನು ಚಾರ್ಜ್ ಮಾಡಬಹುದಿತ್ತು. ಆ ಕಾಲಕ್ಕೆ ಇಂಥ ಕಾರುಗಳು ವಿರಳವಾಗಿದ್ದುದರಿಂದ ವಿದ್ಯುತ್ ಜಾಲಕ್ಕೆ ಅವು ಒಂದು ಹೊರೆಯೆಂದು ಯಾರಿಗೂ ಅನ್ನಿಸಲಿಲ್ಲ.

ಚಿತ್ರ ಬದಲಾದದ್ದು ದ್ವಿಚಕ್ರ ವಾಹನಗಳಿಂದ. ಬೆಂಗಳೂರಿನ ಏಥರ್ ಎನರ್ಜಿ 2018ರಲ್ಲಿ ತನ್ನ ಮೊದಲ ಸ್ಕೂಟರನ್ನು ಇದೇ ನಗರದಲ್ಲಿ ಬಿಡುಗಡೆ ಮಾಡಿತು. ಅದಕ್ಕೆ ಒಂದು ವರ್ಷ ಮುಂಚೆ, 2017ರಲ್ಲಿ, ಕರ್ನಾಟಕವು ವಿದ್ಯುತ್ ವಾಹನ ಹಾಗೂ ಶಕ್ತಿ ಸಂಗ್ರಹಣಾ ನೀತಿಯನ್ನು ಪ್ರಕಟಿಸಿದ ದೇಶದ ಮೊದಲ ರಾಜ್ಯವೆನಿಸಿತ್ತು. ಚಾರ್ಜಿಂಗ್ ವ್ಯವಸ್ಥೆಯ ಹೊಣೆ ಬೆಸ್ಕಾಂಗೆ ಬಂದಿತು. 2018ರ ಫೆಬ್ರವರಿಯಲ್ಲಿ ಕೆ.ಆರ್. ವೃತ್ತದ ತನ್ನ ಕೇಂದ್ರ ಕಚೇರಿಯ ಆವರಣದಲ್ಲಿ ಬೆಸ್ಕಾಂ ತನ್ನ ಮೊದಲ ಚಾರ್ಜಿಂಗ್ ಕೇಂದ್ರವನ್ನು ತೆರೆಯಿತು.

ಯೂನಿಟ್ ಬೇರೆ, ಕಿಲೋವ್ಯಾಟ್ ಬೇರೆ

ವಿದ್ಯುತ್ ವಾಹನದ ಲೆಕ್ಕದಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದ ಗೊಂದಲವಿದು. ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಹಿಡಿಯುತ್ತದೆ ಎಂಬುದನ್ನು ಕಿಲೋವ್ಯಾಟ್-ಗಂಟೆ, ಅಂದರೆ ನಮ್ಮ ಬಿಲ್ಲಿನ ಯೂನಿಟ್‌ನಲ್ಲಿ ಅಳೆಯುತ್ತಾರೆ. ಅದು ತೊಟ್ಟಿಯ ಅಳತೆ. ಚಾರ್ಜರ್ ಎಷ್ಟು ವೇಗವಾಗಿ ಶಕ್ತಿ ತುಂಬುತ್ತದೆ ಎಂಬುದನ್ನು ಕಿಲೋವ್ಯಾಟ್‌ನಲ್ಲಿ ಅಳೆಯುತ್ತಾರೆ. ಅದು ನಲ್ಲಿಯ ಅಳತೆ. ಗ್ರಾಹಕನ ಖರ್ಚನ್ನು ನಿರ್ಧರಿಸುವುದು ಮುಖ್ಯವಾಗಿ ಯೂನಿಟ್. ತಂತಿ ಹಾಗೂ ಟ್ರಾನ್ಸ್‌ಫಾರ್ಮರ್‌ಗಳ ಕಷ್ಟಸುಖವನ್ನು ನಿರ್ಧರಿಸುವುದು ಕಿಲೋವ್ಯಾಟ್.

ಸ್ಥೂಲವಾಗಿ ಹೇಳುವುದಾದರೆ, ಸ್ಕೂಟರಿನ ಬ್ಯಾಟರಿ 2ರಿಂದ 4 ಯೂನಿಟ್ ಹಿಡಿಯುತ್ತದೆ. ಕಿಲೋಮೀಟರಿಗೆ 25ರಿಂದ 35 ವ್ಯಾಟ್-ಗಂಟೆ ಬಳಸುತ್ತದೆ. ಮನೆಯ ಚಾರ್ಜರ್ ಸುಮಾರು ಮುಕ್ಕಾಲು ಕಿಲೋವ್ಯಾಟ್ ಎಳೆಯುತ್ತದೆ. ಇದು ಒಂದು ಇಸ್ತ್ರಿ ಪೆಟ್ಟಿಗೆಯ ಹೊರೆಗಿಂತ ಹೆಚ್ಚೇನಲ್ಲ. ಸಾಧಾರಣ ಕಾರಿನ ಬ್ಯಾಟರಿ 25ರಿಂದ 50 ಯೂನಿಟ್. ಬಳಕೆ ಕಿಲೋಮೀಟರಿಗೆ 120ರಿಂದ 160 ವ್ಯಾಟ್-ಗಂಟೆ. ನಗರದ ಬಸ್ಸಿಗೆ ಕಿಲೋಮೀಟರಿಗೆ ಒಂದು ಯೂನಿಟ್ ಅಥವಾ ಅದಕ್ಕಿಂತ ತುಸು ಹೆಚ್ಚು ಬೇಕು.

ದಿನಕ್ಕೆ 35 ಕಿ.ಮೀ. ಓಡುವ ಕಾರಿಗೆ ಬೇಕಾಗುವುದು ಸುಮಾರು 5 ಯೂನಿಟ್ ಮಾತ್ರ. 3.3 ಕಿಲೋವ್ಯಾಟ್ ಚಾರ್ಜರಿನಲ್ಲಿ ಅದು ಒಂದೂವರೆ ಗಂಟೆಯ ಕೆಲಸ. ಆದರೆ ಕಾರು ಮನೆಯ ಮುಂದೆ ರಾತ್ರಿ ಎಂಟು-ಹತ್ತು ಗಂಟೆ ನಿಂತಿರುತ್ತದೆ. ಅರ್ಥಾತ್, ಇದು ಅವಸರವಿಲ್ಲದ ಬೇಡಿಕೆ. ಗೀಸರನ್ನಾಗಲಿ ಪಂಪನ್ನಾಗಲಿ ಬೇಕೆಂದಾಗ ಹಾಕಲೇಬೇಕು. ವಾಹನವನ್ನು ಸಂಜೆ ಏಳಕ್ಕೆ ತುಂಬಿದರೂ ನಡುರಾತ್ರಿಯ ನಂತರ ತುಂಬಿದರೂ ಬೆಳಗಿನ ಪ್ರಯಾಣಕ್ಕೆ ವ್ಯತ್ಯಾಸವಿಲ್ಲ. ಈ ಗುಣವನ್ನು ಬಳಸಿಕೊಳ್ಳುವುದರಲ್ಲಿಯೇ ವಿದ್ಯುತ್ ಸಂಸ್ಥೆಗಳ ಜಾಣ್ಮೆ ಅಡಗಿದೆ.

ಚಾರ್ಜಿಂಗ್‌ನ ಮೂರು ಬಗೆ

ಬ್ಯಾಟರಿ ಸ್ವೀಕರಿಸುವುದು ಡಿ.ಸಿ. ವಿದ್ಯುತ್ತನ್ನು ಮಾತ್ರ. ಜಾಲದಲ್ಲಿ ಹರಿಯುವುದು ಎ.ಸಿ. ಆದ್ದರಿಂದ ಎಲ್ಲೋ ಒಂದು ಕಡೆ ಪರಿವರ್ತನೆ ಆಗಲೇಬೇಕು. ಅದು ಎಲ್ಲಿ ಆಗುತ್ತದೆ ಎಂಬುದರ ಮೇಲೆ ಚಾರ್ಜಿಂಗ್‌ನ ಬಗೆಗಳು ನಿಂತಿವೆ.

ಮೊದಲನೆಯದು ನಿಧಾನ ಎ.ಸಿ. ಚಾರ್ಜಿಂಗ್. ಇಲ್ಲಿ ಪರಿವರ್ತನೆ ಕಾರಿನೊಳಗಿನ ಚಾರ್ಜರಿನಲ್ಲಿ ಆಗುತ್ತದೆ. 15 ಅಥವಾ 16 ಆಂಪಿಯರ್ ಸಾಕೆಟ್ಟಿನಿಂದ 3.3 ಕಿಲೋವ್ಯಾಟ್, ಗೋಡೆಗೆ ಕೂರಿಸುವ 32 ಆಂಪಿಯರ್ ಘಟಕದಿಂದ ಸುಮಾರು 7 ಕಿಲೋವ್ಯಾಟ್ ದೊರೆಯುತ್ತದೆ. ಎರಡನೆಯದು ವೇಗದ ಡಿ.ಸಿ. ಚಾರ್ಜಿಂಗ್. ಪರಿವರ್ತನೆ ಹೊರಗಿನ ಯಂತ್ರದಲ್ಲೇ ಮುಗಿದು ನೇರವಾಗಿ ಬ್ಯಾಟರಿಗೆ ಡಿ.ಸಿ. ಹರಿಯುತ್ತದೆ. ಹೆದ್ದಾರಿ ಹಾಗೂ ಮಾಲ್‌ಗಳಲ್ಲಿ ಕಾಣುವ 30, 60 ಕಿಲೋವ್ಯಾಟಿನ ಯಂತ್ರಗಳು ಈ ಬಗೆಯವು. ಮೂರನೆಯದು ಬ್ಯಾಟರಿ ಬದಲಾವಣೆ. ಖಾಲಿಯಾದ ಪೆಟ್ಟಿಗೆಯನ್ನು ಕೊಟ್ಟು ತುಂಬಿದ ಪೆಟ್ಟಿಗೆಯನ್ನು ಒಯ್ಯುವ ಈ ಪದ್ಧತಿ ದಿನವಿಡೀ ದುಡಿಯುವ ಆಟೋರಿಕ್ಷಾ ಹಾಗೂ ಸರಕು ಸಾಗಿಸುವ ವಾಹನಗಳಿಗೆ ಹೊಂದುತ್ತದೆ. ಚೇತನ್ ಮೈನಿ ಅವರು 2017ರಲ್ಲಿ ಜೊತೆಗೂಡಿ ಆರಂಭಿಸಿದ ಸನ್ ಮೊಬಿಲಿಟಿ ಈ ಮಾರ್ಗದಲ್ಲಿದೆ.

ಪ್ಲಗ್ಗುಗಳ ವಿಷಯದಲ್ಲಿ ಆರಂಭದಲ್ಲಿ ಸಾಕಷ್ಟು ಗೊಂದಲವಿತ್ತು. 'ಭಾರತ್ ಎ.ಸಿ.-001', 'ಭಾರತ್ ಡಿ.ಸಿ.-001' ಎಂಬ ಮಾನದಂಡಗಳು ಮೊದಲು ಬಂದವು. ಕಾರುಗಳ ಬ್ಯಾಟರಿ ವೋಲ್ಟೇಜು ಹೆಚ್ಚಿದಂತೆ 'ಸಿ.ಸಿ.ಎಸ್.-2' ಎಂಬ ಅಂತಾರಾಷ್ಟ್ರೀಯ ಮಾದರಿ ಕಾರುಗಳಲ್ಲಿ ನೆಲೆಯಾಯಿತು. ಲಘು ವಾಹನಗಳಿಗಾಗಿ ಭಾರತೀಯ ಮಾನಕ ಸಂಸ್ಥೆ 2023ರಲ್ಲಿ ದೇಶೀಯ ಕನೆಕ್ಟರ್ ಒಂದಕ್ಕೆ ಮಾನ್ಯತೆ ನೀಡಿತು.

ಒಂದು ಬೀದಿಯ ಲೆಕ್ಕ

ಈಗ ಹನುಮಂತನಗರದಂಥ ಬಡಾವಣೆಯ ಒಂದು ಬೀದಿಯನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಅಂಕಿಗಳು ಕೇವಲ ಲೆಕ್ಕಕ್ಕೆ ಇಟ್ಟುಕೊಂಡವು. 250 ಕೆ.ವಿ.ಎ. ಟ್ರಾನ್ಸ್‌ಫಾರ್ಮರ್ ಒಂದು ಸುಮಾರು 237 ಕಿಲೋವ್ಯಾಟ್ ಕೊಡಬಲ್ಲದು ಎಂದುಕೊಳ್ಳೋಣ. ಸಂಜೆ ಏಳೂವರೆಗೆ ಮನೆಗಳ ಹೊರೆ 170 ಕಿಲೋವ್ಯಾಟ್, ಉಳಿಕೆ 67. ಆ ಬೀದಿಯಲ್ಲಿ 20 ಕಾರು, 40 ಸ್ಕೂಟರುಗಳಿವೆ. ಕಚೇರಿಯಿಂದ ಬಂದವರೆಲ್ಲ ಒಟ್ಟಿಗೆ ಪ್ಲಗ್ ಹಾಕಿದರೆ ಕಾರುಗಳಿಗೆ 66, ಸ್ಕೂಟರುಗಳಿಗೆ 30, ಒಟ್ಟು 96 ಕಿಲೋವ್ಯಾಟ್ ಬೇಕು. ಟ್ರಾನ್ಸ್‌ಫಾರ್ಮರ್ ಮೇಲೆ ಮಿತಿಮೀರಿದ ಹೊರೆ ಬೀಳುತ್ತದೆ.

ಅದೇ ವಾಹನಗಳು ರಾತ್ರಿ ಹನ್ನೊಂದರ ನಂತರ ಚಾರ್ಜ್ ಆದರೆ? ಆಗ ಮನೆಗಳ ಹೊರೆ 70 ಕಿಲೋವ್ಯಾಟಿಗೆ ಇಳಿದಿರುತ್ತದೆ ಎಂದಿಟ್ಟುಕೊಂಡರೆ, 96 ಸೇರಿದರೂ ಒಟ್ಟು 166. ಸಂಜೆಯ ಮಾಮೂಲಿ ಹೊರೆಗಿಂತಲೂ ಕಡಿಮೆ. ವಾಹನಗಳೂ ಅವೇ, ಯೂನಿಟ್ಟುಗಳೂ ಅವೇ. ಬದಲಾದದ್ದು ಗಡಿಯಾರ ಮಾತ್ರ. ಹೊಸ ಟ್ರಾನ್ಸ್‌ಫಾರ್ಮರ್ ಕೂರಿಸಬೇಕಾದ ಖರ್ಚು ಕೊನೆಗೆ ಎಲ್ಲ ಗ್ರಾಹಕರ ದರದಲ್ಲಿಯೇ ಸೇರುವುದರಿಂದ, ವಾಹನವೇ ಇಲ್ಲದ ಬಾಡಿಗೆದಾರನೂ ಅದನ್ನು ತೆರಬೇಕಾಗುತ್ತದೆ ಎಂಬುದು ಗಮನಾರ್ಹ.

ಎಂಜಿನಿಯರುಗಳು ಇಲ್ಲಿ ಮತ್ತೆರಡು ಅಂಶಗಳನ್ನು ನೆನಪಿಡಬೇಕು. ಟ್ರಾನ್ಸ್‌ಫಾರ್ಮರ್ ಹಗಲು-ಸಂಜೆ ಕಾದು ರಾತ್ರಿ ತಣಿಯುತ್ತದೆ. ರಾತ್ರಿಯೂ ಪೂರ್ಣ ಹೊರೆ ಹೊತ್ತರೆ ಆ ವಿಶ್ರಾಂತಿ ತಪ್ಪಿ, ಒಳಗಿನ ಕಾಗದದ ನಿರೋಧಕ ಬೇಗ ಸವೆಯುತ್ತದೆ. ಅದರ ಅತಿ ಬಿಸಿಯಾದ ಭಾಗದ ಉಷ್ಣತೆ ನಿಗದಿತ ಮಟ್ಟಕ್ಕಿಂತ ಸುಮಾರು 6 ಡಿಗ್ರಿ ಏರಿದರೂ ಸವೆತದ ವೇಗ ಇಮ್ಮಡಿಯಾಗುತ್ತದೆಂಬುದು ರೂಢಿಯಲ್ಲಿರುವ ಲೆಕ್ಕ. ಆದಕಾರಣ ಎಲ್ಲ ವಾಹನಗಳೂ ಸರಿಯಾಗಿ ಹನ್ನೊಂದಕ್ಕೇ ಆರಂಭವಾಗದಂತೆ ಹಂಚಿಹಾಕುವುದು ಅಗತ್ಯ. ಎರಡನೆಯದು, ಮನೆ ಚಾರ್ಜರುಗಳು ಬಹುತೇಕ ಒಂದೇ ಫೇಸಿನವು. ಅವೆಲ್ಲ ಒಂದೇ ಫೇಸಿನ ಮೇಲೆ ಬಿದ್ದರೆ ನ್ಯೂಟ್ರಲ್ ತಂತಿಯಲ್ಲಿ ಪ್ರವಾಹ ಹೆಚ್ಚಿ, ಸಾಲಿನ ಕೊನೆಯ ಮನೆಗಳಲ್ಲಿ ವೋಲ್ಟೇಜು ಕುಸಿಯುತ್ತದೆ.

ಹಗಲೋ, ರಾತ್ರಿಯೋ?

ಬೀದಿಯ ದೃಷ್ಟಿಯಿಂದ ರಾತ್ರಿ ಸರಿ. ರಾಜ್ಯದ ಜಾಲದ ದೃಷ್ಟಿಯಿಂದ ಉತ್ತರ ಬೇರೆಯಾಗಬಹುದು. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕು ಸೇರಿದಂತೆ ಕರ್ನಾಟಕದಲ್ಲಿ ಸೌರ ವಿದ್ಯುತ್ತಿನ ಪಾಲು ದೊಡ್ಡದು. ಅದು ದೊರೆಯುವುದು ಹಗಲಿನಲ್ಲಿ. ಕಚೇರಿ, ಕಾಲೇಜು, ರೈಲು ಹಾಗೂ ಮೆಟ್ರೊ ನಿಲ್ದಾಣಗಳಲ್ಲಿ ನಿಂತ ವಾಹನಗಳು ಆ ಹೊತ್ತಿನಲ್ಲಿ ಚಾರ್ಜ್ ಆದರೆ ಸೌರಶಕ್ತಿಗೆ ಸದ್ಬಳಕೆ ದೊರೆಯುತ್ತದೆ. ಕೇಂದ್ರ ಸರ್ಕಾರ 2023ರಲ್ಲಿ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಂದ ತಿದ್ದುಪಡಿಯು, ಸೌರ ಗಂಟೆಗಳ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ. 20ರಷ್ಟು ಕಡಿಮೆ ಇರಬೇಕೆಂದು ಹೇಳಿರುವುದು ಈ ಉದ್ದೇಶದಿಂದಲೇ. ಆದರೆ ಸಮಯಕ್ಕೆ ತಕ್ಕ ದರ ಮನೆಗಳಿಗೆ ತಲುಪಬೇಕಾದರೆ ಸಮಯವನ್ನು ಗುರುತಿಸುವ ಮೀಟರು ಮೊದಲು ಬರಬೇಕು.

ಎರಡೂ ದೃಷ್ಟಿಗಳು ಒಪ್ಪುವ ಮಾತು ಒಂದೇ: ಸಂಜೆ ಆರರಿಂದ ಹತ್ತು ಗಂಟೆಯ ಅವಧಿಯನ್ನು ಬಿಡಿ. ಸೂರ್ಯ ಮುಳುಗಿ ದೀಪ ಹೊತ್ತುವ ಆ ಸಮಯದಲ್ಲಿ ಶರಾವತಿಯಂಥ ಜಲವಿದ್ಯುತ್ ಕೇಂದ್ರಗಳ ಅಮೂಲ್ಯ ನೀರನ್ನೇ ಆಶ್ರಯಿಸಬೇಕಾಗುತ್ತದೆ.

ಬಸ್ ಡಿಪೊಗಳ ಲೆಕ್ಕ ಪ್ರತ್ಯೇಕ. ಬಿ.ಎಂ.ಟಿ.ಸಿ. 2014ರಲ್ಲಿಯೇ ವಿದ್ಯುತ್ ಬಸ್ಸನ್ನು ಪರೀಕ್ಷಾರ್ಥವಾಗಿ ಓಡಿಸಿತ್ತು; 2021ರ ನಂತರ ಗುತ್ತಿಗೆ ಆಧಾರದಲ್ಲಿ ನೂರಾರು ಬಸ್ಸುಗಳು ಬಂದಿವೆ. ನೂರು ಬಸ್ಸುಗಳು ದಿನಕ್ಕೆ 200 ಕಿ.ಮೀ. ಓಡಿ, ಕಿಲೋಮೀಟರಿಗೆ 1.2 ಯೂನಿಟ್ ಬಳಸಿದರೆ 24,000 ಯೂನಿಟ್ ಬೇಕು. ಅದನ್ನು ಆರು ಗಂಟೆಯಲ್ಲಿ ತುಂಬಲು 4 ಮೆಗಾವ್ಯಾಟ್ ಬೇಕಾಗುತ್ತದೆ. ಇದು ಒಂದು ಕಾರ್ಖಾನೆಯ ಬೇಡಿಕೆ. 11 ಕೆ.ವಿ. ಸಂಪರ್ಕ ಹಾಗೂ ಪ್ರತ್ಯೇಕ ಫೀಡರಿನ ಯೋಜನೆ ಬಸ್ಸು ಬರುವ ಮುನ್ನವೇ ಆಗಬೇಕು.

ಸಂಪರ್ಕ, ದರ, ಹಕ್ಕು

ವಿದ್ಯುತ್ ವಾಹನ ಚಾರ್ಜಿಂಗ್ ಒಂದು ಸೇವೆಯೇ ಹೊರತು ವಿದ್ಯುತ್ ಮಾರಾಟವಲ್ಲ, ಅದಕ್ಕೆ ಪರವಾನಗಿ ಬೇಕಿಲ್ಲ ಎಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ತನ್ನ ದರ ಆದೇಶದಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆ ಪ್ರತ್ಯೇಕ ವರ್ಗವನ್ನು ನಿಗದಿ ಮಾಡಿತು. ಯೂನಿಟ್ಟಿಗೆ 6 ರೂ. ಎಂದು ಹಿಡಿದು, ಚಾರ್ಜ್ ಮಾಡುವಾಗಿನ ನಷ್ಟವನ್ನು ಸೇರಿಸಿದರೂ, ಮನೆಯಲ್ಲಿ ಚಾರ್ಜ್ ಮಾಡಿದ ಕಾರಿನ ಓಟದ ಖರ್ಚು ಕಿಲೋಮೀಟರಿಗೆ ಸುಮಾರು ಒಂದು ರೂಪಾಯಿಯಷ್ಟೇ ಆಗುತ್ತದೆ.

ಅಪಾರ್ಟ್‌ಮೆಂಟ್ ನಿವಾಸಿಗಳಿಗೆ 2024ರ ಫೆಬ್ರವರಿಯ ನಿಯಮ ತಿದ್ದುಪಡಿ ಮಹತ್ವದ್ದು. ವಾಹನ ಚಾರ್ಜಿಂಗ್‌ಗೆಂದು ಪ್ರತ್ಯೇಕ ಸಂಪರ್ಕ ಕೇಳುವ ಅವಕಾಶವನ್ನು ಅದು ಗ್ರಾಹಕರಿಗೆ ಕೊಟ್ಟಿದೆ. ಸ್ವಂತ ಪಾರ್ಕಿಂಗ್ ಇಲ್ಲದ ಬಾಡಿಗೆದಾರರ ಸಮಸ್ಯೆ ಇದರಿಂದ ಬಗೆಹರಿಯುವುದಿಲ್ಲ. ಎರಡನೇ ಮಹಡಿಯ ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರನ್ನು ಪಾದಚಾರಿ ಮಾರ್ಗಕ್ಕೆ ಇಳಿಬಿಡುವುದು ಪರಿಹಾರವಲ್ಲ, ಅಪಾಯ. ಬೀದಿ ಬದಿಯ ಸಾರ್ವಜನಿಕ ನಿಧಾನ ಚಾರ್ಜರುಗಳು ಹಳೆಯ ಬಡಾವಣೆಗಳಿಗೆ ವೇಗದ ಚಾರ್ಜರುಗಳಿಗಿಂತ ಹೆಚ್ಚು ಅಗತ್ಯವೆನಿಸುವುದು ಈ ಕಾರಣಕ್ಕೆ.

ಸುರಕ್ಷತೆ

ಮಂಜೂರಾದ ಹೊರೆ 3 ಕಿಲೋವ್ಯಾಟ್ ಇರುವ ಮನೆಯಲ್ಲಿ 3.3 ಕಿಲೋವ್ಯಾಟ್ ಚಾರ್ಜರ್ ಹಾಕುವ ಮುನ್ನ ಹೆಚ್ಚುವರಿ ಹೊರೆಗೆ ಅರ್ಜಿ ಸಲ್ಲಿಸಬೇಕು. ಮೀಟರಿನಿಂದ ಚಾರ್ಜರಿಗೆ ಪ್ರತ್ಯೇಕ ವೈರಿಂಗ್, ತಕ್ಕ ಗಾತ್ರದ ತಾಮ್ರದ ಕೇಬಲ್, ಅದಕ್ಕೇ ಮೀಸಲಾದ ಎಂ.ಸಿ.ಬಿ. ಹಾಗೂ ಸೋರಿಕೆಯನ್ನು ಗುರುತಿಸಿ ಸಂಪರ್ಕ ಕಡಿಯುವ ಸಾಧನ ಇರಲೇಬೇಕು. ಗೀಸರು ದಿನಕ್ಕೆ ಅರ್ಧ ಗಂಟೆ ಉರಿದರೆ, ಕಾರಿನ ಚಾರ್ಜರು ಎಂಟು ಗಂಟೆ ಸತತವಾಗಿ ಪೂರ್ಣ ಪ್ರವಾಹ ಎಳೆಯಬಹುದು. ಸಡಿಲವಾದ ಸಾಕೆಟ್ಟು ಗೀಸರಿಗೆ ತಾಳಿಕೊಂಡಿತೆಂದರೆ ಕಾರಿಗೂ ತಾಳುತ್ತದೆ ಎಂದರ್ಥವಲ್ಲ. ಹಳೆಯ ಮನೆಗಳಲ್ಲಿ ಅರ್ಥಿಂಗ್ ಹಲವೊಮ್ಮೆ ಹೆಸರಿಗಷ್ಟೇ ಇರುತ್ತದೆ. ಅದನ್ನು ಅಳೆದು ನೋಡದೆ ಚಾರ್ಜರ್ ಕೂರಿಸಬಾರದು.

ದೇಶದಲ್ಲಿ 2022ರಲ್ಲಿ ಕೆಲವು ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹೊತ್ತಿಕೊಂಡ ನಂತರ ಬ್ಯಾಟರಿಗಳ ಪರೀಕ್ಷಾ ಮಾನದಂಡವನ್ನು ಬಿಗಿಗೊಳಿಸಲಾಯಿತು; ಹೊಸ ನಿಯಮಗಳು ಅದೇ ವರ್ಷದ ಡಿಸೆಂಬರಿನಿಂದ ಹಂತಹಂತವಾಗಿ ಜಾರಿಗೆ ಬಂದವು. ಆದರೂ ಬಿಸಿಲಿನಲ್ಲಿ ಓಡಿಸಿ ತಂದ ಕೂಡಲೇ ಚಾರ್ಜಿಗೆ ಹಾಕದಿರುವುದು, ಮೆಟ್ಟಿಲ ಕೆಳಗೆ ಅಥವಾ ಹೊರಬಾಗಿಲಿಗೆ ಅಡ್ಡವಾಗಿ ಬ್ಯಾಟರಿ ಇಡದಿರುವುದು, ಕಂಪನಿಯದಲ್ಲದ ಚಾರ್ಜರ್ ಬಳಸದಿರುವುದು ಕ್ಷೇಮ. ಸಂಪರ್ಕದಲ್ಲಿ ದೋಷ ಕಂಡರೆ ಬೆಸ್ಕಾಂನ 1912 ಸಹಾಯವಾಣಿಗೆ ತಿಳಿಸಬಹುದು.

ಒಂದು ಬೀದಿಯಲ್ಲಿ ಎಷ್ಟು ವಾಹನಗಳು ಚಾರ್ಜ್ ಆಗುತ್ತಿವೆ ಎಂಬುದು ಟ್ರಾನ್ಸ್‌ಫಾರ್ಮರ್ ಸುಟ್ಟುಹೋದ ರಾತ್ರಿ ತಿಳಿಯುವಂತಾಗಬಾರದು. ಗ್ರಾಹಕ ತನ್ನ ಹೊಸ ಹೊರೆಯನ್ನು ಮುಚ್ಚಿಡದೆ ಹೇಳುವುದು, ಸಂಸ್ಥೆ ಅದನ್ನು ಅಡ್ಡಿಪಡಿಸದೆ ನೋಂದಾಯಿಸಿಕೊಳ್ಳುವುದು: ಇವೆರಡೂ ನಡೆದರೆ ಹಳೆಯ ಬಡಾವಣೆಗಳೂ ಹೊಸ ವಾಹನಗಳಿಗೆ ಧಾರಾಳವಾಗಿ ಜಾಗ ಕೊಡಬಲ್ಲವು.