ಹರಿಯಾಣದ ನಾನೂರು ಶಾಲೆಗಳು

ದೆಹಲಿಯ ನೈಋತ್ಯಕ್ಕೆ ರಾಜಸ್ಥಾನದ ಗಡಿಗೆ ಒತ್ತಿಕೊಂಡಿರುವ ಮಹೇಂದ್ರಗಢ ಜಿಲ್ಲೆಯು 2013ರಲ್ಲಿ ರಾಷ್ಟ್ರ ರಾಜಧಾನಿ ವಲಯಕ್ಕೆ ಸೇರಿತು. 2012-13ರ ಶಾಲಾವರ್ಷದಲ್ಲಿ ಅಲ್ಲಿಯೂ ಕುರುಕ್ಷೇತ್ರ ಜಿಲ್ಲೆಯಲ್ಲಿಯೂ ಹರಿಯಾಣ ಸರಕಾರದ ಎರಡು ಯೋಜನೆಗಳು ಪರೀಕ್ಷೆಗೆ ಒಳಪಟ್ಟಿದ್ದವು. ನಮ್ಮ ಪ್ರಾಥಮಿಕ ಶಿಕ್ಷಣದ ಇತಿಹಾಸದಲ್ಲಿ ಇದು ಅಪರೂಪದ ಪ್ರಸಂಗ.

2009ರ ಶಿಕ್ಷಣ ಹಕ್ಕು ಕಾಯಿದೆಯು ಯಾವ ಮಗುವನ್ನೂ ಅನುತ್ತೀರ್ಣಗೊಳಿಸಬಾರದೆಂದು ವಿಧಿಸಿ, ನಿರಂತರ ಹಾಗೂ ವ್ಯಾಪಕ ಮೌಲ್ಯಮಾಪನವನ್ನು ಶಾಲೆಗಳ ಕರ್ತವ್ಯವನ್ನಾಗಿಸಿತ್ತು. ಮೊದಲ ಯೋಜನೆ ಇದೇ. ಎರಡನೆಯದು ಪ್ರಥಮ್ ಸಂಸ್ಥೆ ರೂಪಿಸಿದ್ದು: ದಿನಕ್ಕೊಂದು ಗಂಟೆ ತರಗತಿಯ ಭೇದವನ್ನು ಬದಿಗಿಟ್ಟು, ಅಕ್ಷರ ಬಲ್ಲವರು, ಪದ ಬಲ್ಲವರು, ಕಥೆ ಓದಬಲ್ಲವರು ಎಂದು ಮಕ್ಕಳನ್ನು ವಿಂಗಡಿಸಿ ಹಿಂದಿ ಕಲಿಸುವುದು. ಜೆ-ಪಾಲ್ ಸಂಶೋಧಕರು ನಾನೂರು ಪ್ರಾಥಮಿಕ ಶಾಲೆಗಳನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಮೊದಲನೆಯದು, ಒಂದಕ್ಕೆ ಎರಡನೆಯದು, ಒಂದಕ್ಕೆ ಎರಡೂ, ಇನ್ನೊಂದಕ್ಕೆ ಯಾವುದೂ ಇಲ್ಲ. ಮಟ್ಟಾನುಸಾರ ಕಲಿಸಿದಲ್ಲಿ ಹಿಂದಿ ಓದು ಸುಧಾರಿಸಿತು. ಕಾಯಿದೆಯ ಮೌಲ್ಯಮಾಪನವಾದರೋ ಒಂಟಿಯಾಗಿಯೂ ಜೊತೆಯಾಗಿಯೂ ಗಣನೀಯ ಫಲ ಕೊಡಲಿಲ್ಲ.

ಫಲಿತಾಂಶಕ್ಕಿಂತ ಅದರ ಕಾರಣವೇ ಹೆಚ್ಚು ವಿಚಾರಾರ್ಹ. ಇದೇ ಬೋಧನಕ್ರಮವನ್ನು ಬಿಹಾರ, ಉತ್ತರಾಖಂಡಗಳಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟು ಶಾಲಾ ಅವಧಿಗೆ ಬಿಟ್ಟಾಗ ಅದು ವಿಫಲವಾಗಿತ್ತು. 2008ರ ಬಿಹಾರದ ಬೇಸಗೆ ಶಿಬಿರಗಳಲ್ಲಿ ಸರಕಾರಿ ಶಿಕ್ಷಕರೇ ಅದನ್ನು ಸಫಲಗೊಳಿಸಿದ್ದರು. ಅಂದರೆ ಕೊರತೆ ಶಿಕ್ಷಕರ ಸಾಮರ್ಥ್ಯದಲ್ಲಿರಲಿಲ್ಲ. ಪಠ್ಯ ಮುಗಿಸುವ ಧಾವಂತ ಉಳಿದೆಲ್ಲವನ್ನೂ ನುಂಗುತ್ತಿತ್ತು. ಹರಿಯಾಣದಲ್ಲಿ ಗಂಟೆಯೊಂದನ್ನು ಪ್ರತ್ಯೇಕವಾಗಿ ಮೀಸಲಿಡಲಾಯಿತು. ಮೇಲ್ವಿಚಾರಕರು ಮೊದಲು ತಾವೇ 15-20 ದಿನ ಪಾಠ ಮಾಡಿ ಅನಂತರ ಶಿಕ್ಷಕರಿಗೆ ಮಾರ್ಗದರ್ಶನವಿತ್ತರು. ಇಲಾಖೆಯ ತನಿಖಾಧಿಕಾರಿಗಳನ್ನು ಬಲ್ಲವರಿಗೆ ಈ ವಿವರ ಅಲ್ಪವೆನಿಸದು.

ಕನ್ನಡಿಗರಿಗೆ ಇಲ್ಲಿ ನಲಿ-ಕಲಿ ನೆನಪಾಗುವುದು ಸಹಜ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಆ ಪದ್ಧತಿಯೂ ಮಗುವನ್ನು ಕಲಿಕೆಯ ಮೆಟ್ಟಿಲಿನಿಂದ ಗುರುತಿಸುತ್ತದೆ. ಆದರೆ ಅದು ಚೀಟಿಯ ಪ್ರಯೋಗದಿಂದ ಬಂದುದಲ್ಲ, ಶಿಕ್ಷಕರು ರಿಷಿವ್ಯಾಲಿಯಲ್ಲಿ ಕಂಡು ತಂದುದು.

2019ರಲ್ಲಿ ಕಾಯಿದೆ ತಿದ್ದುಪಡಿಗೊಂಡು, 5 ಮತ್ತು 8ನೆಯ ತರಗತಿಗಳಲ್ಲಿ ಮಕ್ಕಳನ್ನು ಅನುತ್ತೀರ್ಣಗೊಳಿಸುವ ಅಧಿಕಾರ ರಾಜ್ಯಗಳಿಗೆ ದೊರೆಯಿತು. ಹರಿಯಾಣದ ಸಾಕ್ಷ್ಯವನ್ನು ಇದಕ್ಕೆ ಆಧಾರವಾಗಿ ಉಲ್ಲೇಖಿಸುವುದು ತಪ್ಪು. ಮೌಲ್ಯಮಾಪನ ಯೋಜನೆ ಕಲಿಕೆಯನ್ನು ಹೆಚ್ಚಿಸಿತೇ ಎಂಬುದನ್ನಷ್ಟೇ ಆ ಅಧ್ಯಯನ ಕೇಳಿತ್ತು. ನಪಾಸು ಮಾಡಿದರೆ ಏನಾಗುವುದೆಂದು ಕೇಳಿರಲಿಲ್ಲ. ಸಾಕ್ಷ್ಯದ ಇನ್ನೊಂದು ಅರ್ಧ ದೆಹಲಿಯಲ್ಲಿ ನೆಲೆ ಕಂಡಿತು. 2018ರ ಏಪ್ರಿಲ್‌ನಲ್ಲಿ ಸರಕಾರಿ ಮತ್ತು ನಗರಪಾಲಿಕೆ ಶಾಲೆಗಳಲ್ಲಿ ಆರಂಭವಾದ ಮಿಷನ್ ಬುನಿಯಾದ್ ಮಕ್ಕಳನ್ನು ಓದಿನ ಮಟ್ಟಾನುಸಾರ ಕೂರಿಸಿತು. ಆ ತರಗತಿಗಳು ಬೇಸಗೆ ರಜೆಯಲ್ಲಿಯೂ ಮುಂದುವರಿದವು.