ಬರೋ ಚುನಾವಣೆ: ಸಣ್ಣ ಬಾಗಿಲಿನ ದೊಡ್ಡ ಚರಿತ್ರೆ



ನಾಲ್ಕು ವರ್ಷಕ್ಕೊಮ್ಮೆ ಮೇ ತಿಂಗಳ ಮೊದಲ ಗುರುವಾರ ಹತ್ತಿರವಾಗುತ್ತಿದ್ದಂತೆ, ಲಂಡನ್ನಿನ ಹೊರವಲಯದ ನಮ್ಮ ಮನೆಗಳ ಬಾಗಿಲಿನ ಅಂಚೆಗಿಂಡಿಯಿಂದ ಬಣ್ಣಬಣ್ಣದ ಕರಪತ್ರಗಳು ಒಳಗೆ ಬೀಳತೊಡಗುತ್ತವೆ. ಪಿಜ್ಜಾ ಅಂಗಡಿಯ ಪಟ್ಟಿ, ಮನೆ ಮಾರಿಸಿಕೊಡುವವರ ಜಾಹೀರಾತು, ಜೊತೆಗೆ ಕೌನ್ಸಿಲರ್ ಆಗಲು ಹೊರಟವರ ನಗುಮುಖ. ಮೂರನ್ನೂ ಒಟ್ಟಿಗೇ ಮರುಬಳಕೆಯ ಡಬ್ಬಿಗೆ ಹಾಕುವುದು ನಮ್ಮಲ್ಲಿ ಹಲವರ ವಾಡಿಕೆ. ಆ ಡಬ್ಬಿಯ ಬಣ್ಣ ಯಾವುದಿರಬೇಕು, ಅದನ್ನು ವಾರಕ್ಕೊಮ್ಮೆ ಖಾಲಿ ಮಾಡಬೇಕೋ ಎರಡು ವಾರಕ್ಕೊಮ್ಮೆಯೋ ಎಂದು ತೀರ್ಮಾನಿಸುವವರೂ ಆ ನಗುಮುಖದವರೇ ಎನ್ನುವುದು ಆಗ ನೆನಪಾಗುವುದಿಲ್ಲ!

ಬರೆಯುವಾಗ ‘ಬರೋ’ ಎಂದು ಬರೆದರೂ ಇಲ್ಲಿಯವರ ಬಾಯಲ್ಲಿ ಅದು ನಮ್ಮ ಕಿವಿಗೆ ‘ಬರ’ ಎಂದೇ ಕೇಳಿಸುತ್ತದೆ. ಮತದಾನದ ಮಟ್ಟಿಗೆ ಅದು ಅನ್ವರ್ಥನಾಮವೇ. 2018ರಲ್ಲೂ 2022ರಲ್ಲೂ ಲಂಡನ್ ಬರೋಗಳ ಒಟ್ಟು ಮತದಾನ ಶೇಕಡಾ 40ನ್ನು ಮುಟ್ಟಲಿಲ್ಲ. ಹತ್ತರಲ್ಲಿ ಆರು ಮಂದಿ ಮನೆಯಲ್ಲೇ ಉಳಿದರು. ಆ ಆರು ಮಂದಿಯಲ್ಲಿ ನಮ್ಮವರೂ ಇದ್ದಾರೆ. “ನಮ್ಮದು ಇಂಡಿಯನ್ ಪಾಸ್‌ಪೋರ್ಟ್, ನಮಗೆಲ್ಲಿಯ ವೋಟು?” ಎಂದುಕೊಂಡವರೂ ಕಡಿಮೆಯಿಲ್ಲ. ಆದರೆ ವೋಟು ಉಂಟು. ಅದು ಹೇಗೆ ಬಂತು ಎನ್ನುವುದೇ ಒಂದು ಸ್ವಾರಸ್ಯವಾದ ಚರಿತ್ರೆ. ಅದನ್ನು ಸ್ವಲ್ಪ ಹಿಂದಿನಿಂದ ನೋಡೋಣ.

ಪಾರ್ಲಿಮೆಂಟಿನ ದೊಡ್ಡ ಬಾಗಿಲಲ್ಲಿ ಪ್ರವೇಶ ಸಿಗದವರು ಮೊದಲು ಒಳಗೆ ಬಂದದ್ದು ಸ್ಥಳೀಯ ಸಂಸ್ಥೆಗಳ ಸಣ್ಣ ಬಾಗಿಲಿನಿಂದ. ಇದಕ್ಕೆ ಮೊದಲ ಉದಾಹರಣೆ ಹೆಂಗಸರು. ಅವರಿಗೆ ಪಾರ್ಲಿಮೆಂಟ್ ಮತ ಸಿಕ್ಕಿದ್ದು 1918ರಲ್ಲಿ, ಅದೂ ಮೂವತ್ತು ವರ್ಷ ದಾಟಿದ ಕೆಲವರಿಗೆ. ಆದರೆ ಪುರಸಭೆಗಳ ಮತ ಅದಕ್ಕೂ 49 ವರ್ಷ ಮೊದಲೇ, 1869ರ ಕಾಯಿದೆಯಲ್ಲೇ ಸಿಕ್ಕಿತ್ತು. ತಮ್ಮ ಹೆಸರಿನಲ್ಲಿ ಮನೆಯಿದ್ದು ಕಂದಾಯ ಕಟ್ಟುವ ಹೆಂಗಸು ಮತ ಹಾಕಬಹುದಾಗಿತ್ತು. ಸ್ವಲ್ಪದರಲ್ಲೇ ನ್ಯಾಯಾಲಯ, ಇದು ಮದುವೆಯಾಗದವರಿಗೆ ಮತ್ತು ವಿಧವೆಯರಿಗೆ ಮಾತ್ರ ಎಂದು ತೀರ್ಪು ಕೊಟ್ಟಿತು. ಮದುವೆ ಅಡ್ಡಿಯಾಗಬಾರದು ಎಂಬ ನಿಯಮಕ್ಕೆ 1894ರವರೆಗೆ ಕಾಯಬೇಕಾಯಿತು. 1907ರ ಕಾಯಿದೆಯಿಂದ ಅವರು ಬರೋ ಕೌನ್ಸಿಲರ್ ಆಗುವ ದಾರಿಯೂ ತೆರೆಯಿತು. ಮಾರನೆಯ ವರ್ಷವೇ ವೈದ್ಯೆ ಎಲಿಜಬೆತ್ ಗ್ಯಾರೆಟ್ ಆಂಡರ್ಸನ್ ಆಲ್ಡ್‌ಬರೋ ಊರಿನ ಮೇಯರ್ ಆದರು. ಪಾರ್ಲಿಮೆಂಟಿಗೆ ಮತ ಹಾಕುವ ಹಕ್ಕಿಲ್ಲದ ಹೆಂಗಸು ಒಂದು ಊರಿಗೇ ಮೇಯರ್!

ಸಾಹಿತ್ಯ ಬಳಗದವರಾದ ನಮಗೆ ಇಲ್ಲಿ ಜಾರ್ಜ್ ಬರ್ನಾರ್ಡ್ ಷಾ ನೆನಪಾಗಲೇಬೇಕು. ನಾಟಕಕಾರ ಷಾ ಎಲ್ಲರಿಗೂ ಗೊತ್ತು, ಕೌನ್ಸಿಲರ್ ಷಾ ಹೆಚ್ಚು ಜನರಿಗೆ ಗೊತ್ತಿಲ್ಲ. 1897ರಿಂದ 1903ರವರೆಗೆ ಅವರು ಉತ್ತರ ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನ ಸ್ಥಳೀಯ ಆಡಳಿತದಲ್ಲಿ ಸದಸ್ಯರಾಗಿದ್ದರು. ಆಗ ಅಲ್ಲಿ ಗಂಡಸರಿಗೆ ಸಾರ್ವಜನಿಕ ಶೌಚಾಲಯಗಳಿದ್ದವು, ಹೆಂಗಸರಿಗೆ ಬೇಕು ಎಂದರೆ ಸಭೆಯಲ್ಲಿ ಮುಜುಗರ, ನಗು, ವಿರೋಧ. ಕ್ಯಾಮ್ಡನ್ ಟೌನಿನಲ್ಲಿ ಹೆಂಗಸರಿಗೊಂದು ಶೌಚಾಲಯ ಆಗಲೇಬೇಕು ಎಂದು ಷಾ ಪಟ್ಟುಹಿಡಿದು ವಾದಿಸಿದರು. ಕೆಲಸಕ್ಕೆ ಹೋಗುವ, ಪೇಟೆಗೆ ಬರುವ ಹೆಂಗಸರ ದಿನನಿತ್ಯದ ಬವಣೆ ಗಂಡಸರೇ ತುಂಬಿದ ಸಭೆಗೆ ತಾನಾಗಿ ಹೊಳೆಯುವುದಿಲ್ಲ, ಆದ್ದರಿಂದ ಸಭೆಯಲ್ಲಿ ಅವರೂ ಇರಬೇಕು ಎನ್ನುವುದು ಅವರ ವಾದ. ಸ್ಥಳೀಯ ಚುನಾವಣೆಯಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಇದಕ್ಕಿಂತ ನೇರವಾದ ಉತ್ತರ ನಮಗೆ ತೋಚದು.

ಹೆಂಗಸರು ಬಂದ ಬಾಗಿಲಿನಿಂದಲೇ ಬಣ್ಣದ ಜನರೂ ಬಂದರು. ಬಾರ್ಬಡೋಸ್ ಮೂಲದ ತಂದೆ, ಐರಿಷ್ ತಾಯಿಯ ಮಗನಾದ ಜಾನ್ ಆರ್ಚರ್ 1906ರಲ್ಲಿ ಬ್ಯಾಟರ್‌ಸೀಯಲ್ಲಿ ಕೌನ್ಸಿಲರ್ ಆದರು. 1913ರಲ್ಲಿ ಮೇಯರ್ ಸ್ಥಾನಕ್ಕೆ ನಿಂತಾಗ ಅವರಿಗೆ 40 ಮತ, ಎದುರಾಳಿಗೆ 39. ಒಂದು ಮತದ ಬೆಲೆ ಏನೆಂದು ಕೇಳಿದರೆ ಇದನ್ನೇ ತೋರಿಸಬಹುದು.

1934ರಲ್ಲಿ ಇಬ್ಬರು ಭಾರತೀಯರು ಒಟ್ಟಿಗೇ ಗೆದ್ದರು. ಡಾಕ್ಟರ್ ಚುನಿಲಾಲ್ ಕಟಿಯಾಲ್ ಫಿನ್ಸ್‌ಬರಿಯಲ್ಲಿ, ವಿ. ಕೆ. ಕೃಷ್ಣ ಮೆನನ್ ಅದೇ ಸೇಂಟ್ ಪ್ಯಾಂಕ್ರಸ್‌ನಲ್ಲಿ. 1931ರಲ್ಲಿ ಗಾಂಧೀಜಿ ಮತ್ತು ಚಾರ್ಲಿ ಚಾಪ್ಲಿನ್ ಭೇಟಿಯಾದದ್ದು ಈ ಕಟಿಯಾಲರ ಮನೆಯಲ್ಲೇ. ಕೌನ್ಸಿಲಿನ ಆರೋಗ್ಯ ಸಮಿತಿಯ ಅಧ್ಯಕ್ಷರಾಗಿ ಅವರು ಕಟ್ಟಿಸಿದ ಫಿನ್ಸ್‌ಬರಿ ಆರೋಗ್ಯ ಕೇಂದ್ರ ತೆರೆದದ್ದು 1938ರಲ್ಲಿ. ಅಂದರೆ ದೇಶಕ್ಕೆಲ್ಲ ಉಚಿತ ವೈದ್ಯಸೇವೆ ಬರುವುದಕ್ಕೆ ಹತ್ತು ವರ್ಷ ಮೊದಲೇ ಒಂದು ಬಡ ಬರೋ ತನ್ನ ಜನರಿಗೆ ಒಂದೇ ಸೂರಿನಡಿ ಹಲವು ಬಗೆಯ ಚಿಕಿತ್ಸೆ ಕೊಡತೊಡಗಿತ್ತು. ಅದೇ ವರ್ಷ ಕಟಿಯಾಲ್ ಮೇಯರ್ ಆದರು.

ಮುಂದೆ ಭಾರತದ ರಕ್ಷಣಾ ಮಂತ್ರಿಯಾದ ಮೆನನ್ನರು 1947ರವರೆಗೆ, ಪೂರ್ತಿ ಹದಿಮೂರು ವರ್ಷ, ಕೌನ್ಸಿಲಿನಲ್ಲಿದ್ದರು. ಒಂದು ಕಡೆ ಭಾರತದ ಸ್ವಾತಂತ್ರ್ಯಕ್ಕಾಗಿ ಭಾಷಣ, ಇನ್ನೊಂದು ಕಡೆ ಸೇಂಟ್ ಪ್ಯಾಂಕ್ರಸ್‌ನ ಗ್ರಂಥಾಲಯಗಳಿಗಾಗಿ ಓಡಾಟ. ಪೆಲಿಕನ್ ಪುಸ್ತಕಮಾಲೆಯ ಮೊದಲ ಸಂಪಾದಕರಲ್ಲಿ ಅವರೂ ಒಬ್ಬರು. 1937ರಲ್ಲಿ ಆ ಮಾಲೆಯಲ್ಲಿ ಮೊದಲು ಬಂದದ್ದು ಷಾ ಅವರ ಪುಸ್ತಕ. ಅದೇ ಬರೋ ಷಾ ಅವರಿಗೆ 1946ರಲ್ಲೂ ಮೆನನ್ನರಿಗೆ 1955ರಲ್ಲೂ ತನ್ನ ಗೌರವ ಪೌರತ್ವ ಕೊಟ್ಟಿತು.

ಆಗ ಭಾರತ ಬ್ರಿಟಿಷರ ಕೈಯಲ್ಲಿತ್ತು, ಹಾಗಾಗಿ ಕಾನೂನಿನ ಪ್ರಕಾರ ಮೆನನ್ ಬ್ರಿಟಿಷ್ ಪ್ರಜೆ. ಆದ್ದರಿಂದ ಅವರು ಮತ ಹಾಕಿದ್ದೂ ಗೆದ್ದದ್ದೂ ವಿಶೇಷವಲ್ಲ. ವಿಶೇಷವಿರುವುದು ಮುಂದೆ. ಸ್ವಾತಂತ್ರ್ಯ ಬಂದ ಮೇಲೆ ಈ ಹಕ್ಕು ಹೋಗಬೇಕಿತ್ತಲ್ಲ? ಹೋಗಲಿಲ್ಲ. 1948ರ ಬ್ರಿಟಿಷ್ ರಾಷ್ಟ್ರೀಯತಾ ಕಾಯಿದೆ ‘ಬ್ರಿಟಿಷ್ ಪ್ರಜೆ’ ಮತ್ತು ‘ಕಾಮನ್‌ವೆಲ್ತ್ ಪ್ರಜೆ’ ಎರಡಕ್ಕೂ ಒಂದೇ ಅರ್ಥ ಕೊಟ್ಟಿತು. 1949ರ ಏಪ್ರಿಲ್ 28ರ ಲಂಡನ್ ಘೋಷಣೆ, ಭಾರತ ಗಣರಾಜ್ಯವಾದರೂ ಕಾಮನ್‌ವೆಲ್ತಿನಲ್ಲಿ ಉಳಿಯಬಹುದು ಎಂದು ಒಪ್ಪಿತು. ನೆಹರೂ ಈ ನಿರ್ಧಾರಕ್ಕೆ ಸ್ವದೇಶದಲ್ಲಿ ಟೀಕೆ ಕೇಳಬೇಕಾಯಿತು. ರಾಜನ ಸಂಬಂಧ ಇನ್ನೂ ಯಾಕೆ ಎಂದು ಬೈದವರಿದ್ದರು. ಆದರೆ ಮುಂದೊಂದು ದಿನ ಹ್ಯಾರೋದಲ್ಲೋ ಹೌನ್ಸ್‌ಲೋದಲ್ಲೋ ಬಂದು ನೆಲೆಸುವ ಕನ್ನಡಿಗರಿಗೆ ಅದೇ ನಿರ್ಧಾರ ಮತ ಉಳಿಸಿಕೊಟ್ಟಿತು.

ಇದು ತಾನಾಗಿ ಉಳಿಯುವಂಥದ್ದಲ್ಲ ಎನ್ನುವುದಕ್ಕೆ ನೆರೆಯ ದೇಶವೇ ಸಾಕ್ಷಿ. ಪಾಕಿಸ್ತಾನ 1972ರಲ್ಲಿ ಕಾಮನ್‌ವೆಲ್ತ್ ಬಿಟ್ಟಿತು. ಇಲ್ಲಿನ ಕಾನೂನು ಮರುವರ್ಷ ಆ ದೇಶದ ಹೆಸರನ್ನು ಪಟ್ಟಿಯಿಂದ ತೆಗೆಯಿತು. ಪಾಕಿಸ್ತಾನ ಮತ್ತೆ ಸೇರಿದ್ದು 1989ರಲ್ಲಿ. ಇನ್ನೊಂದು ಮಾತು. ಇಲ್ಲಿಯವರು ನಮಗೆ ಕೊಟ್ಟಿರುವ ಈ ಹಕ್ಕನ್ನು ನಮ್ಮ ದೇಶ ಅವರಿಗೆ ಕೊಟ್ಟಿಲ್ಲ. ಬೆಂಗಳೂರಿನಲ್ಲಿ ಎಷ್ಟು ವರ್ಷವಿದ್ದರೂ ಬ್ರಿಟಿಷ್ ಪ್ರಜೆ ಅಲ್ಲಿ ಮತ ಹಾಕುವಂತಿಲ್ಲ.

ಇನ್ನು ನಮ್ಮಲ್ಲಿ ಬಹಳ ಮಂದಿ ವಾಸಿಸುವ ಹೊರವಲಯಕ್ಕೆ ಬರೋಣ. ಹ್ಯಾರೋವನ್ನೇ ತೆಗೆದುಕೊಳ್ಳಿ. ಮೆಟ್ರೊಪಾಲಿಟನ್ ರೈಲು ಅಲ್ಲಿಗೆ 1880ರಲ್ಲೇ ಮುಟ್ಟಿತ್ತು. ಎರಡು ಮಹಾಯುದ್ಧಗಳ ನಡುವೆ ಆ ಹಳಿಯ ಆಚೀಚೆ ಹೊಲಗದ್ದೆಗಳೆಲ್ಲ ಜೋಡಿಮನೆಗಳಾದವು. 1934ರಲ್ಲಿ ಸುತ್ತಲಿನ ಊರುಗಳು ಸೇರಿ ಹ್ಯಾರೋ ಒಂದೇ ಪಟ್ಟಣ ಜಿಲ್ಲೆಯಾಯಿತು, 1954ರಲ್ಲಿ ಬರೋ ಆಯಿತು. ಆಗ ಅದು ಲಂಡನ್ ಅಲ್ಲ, ಮಿಡ್ಲ್‌ಸೆಕ್ಸ್ ಕೌಂಟಿಯ ಭಾಗ. 1963ರ ಲಂಡನ್ ಆಡಳಿತ ಕಾಯಿದೆ ಆ ಕೌಂಟಿಯ ಆಡಳಿತವನ್ನೇ ತೆಗೆದುಹಾಕಿ 32 ಹೊಸ ಬರೋಗಳನ್ನು ಮಾಡಿತು. ಈಲಿಂಗ್, ಆಕ್ಟನ್, ಸೌತ್‌ಹಾಲ್ ಮೂರೂ ಸೇರಿ ಒಂದು. ಕನ್ಸರ್ವೇಟಿವ್ ಒಲವಿನ ವೆಂಬ್ಲಿಗೂ ಲೇಬರ್ ಒಲವಿನ ವಿಲ್ಸ್‌ಡನ್ನಿಗೂ ಗಂಟುಹಾಕಿ ಬ್ರೆಂಟ್. ಹ್ಯಾರೋ ಮಾತ್ರ ತನ್ನ ಹಳೆಯ ಎಲ್ಲೆಯಲ್ಲೇ ಉಳಿಯಿತು. ಹೊಸ ಕೌನ್ಸಿಲುಗಳಿಗೆ ಮೊದಲ ಚುನಾವಣೆ 1964ರ ಮೇ 7ರಂದು, ಅಧಿಕಾರ ಕೈಗೆ ಬಂದದ್ದು 1965ರ ಏಪ್ರಿಲ್ 1ರಂದು.

ಆಗಿನ ಮತಪತ್ರದಲ್ಲಿ ಪಕ್ಷದ ಹೆಸರೇ ಇರುತ್ತಿರಲಿಲ್ಲ! ಅಭ್ಯರ್ಥಿಯ ಹೆಸರು, ವಿಳಾಸ, ಅಷ್ಟೇ. ಯಾರು ಯಾವ ಪಕ್ಷ ಎಂದು ಮತದಾರರೇ ನೆನಪಿಟ್ಟುಕೊಳ್ಳಬೇಕು. 1969ರ ಕಾಯಿದೆ ಪಕ್ಷದ ವಿವರಕ್ಕೆ ಅವಕಾಶ ಕೊಟ್ಟಿತು, ಮತದ ವಯಸ್ಸನ್ನೂ 21ರಿಂದ 18ಕ್ಕೆ ಇಳಿಸಿತು. ಒಂದು ಪದ್ಧತಿ ಮಾತ್ರ ಹಾಗೇ ಉಳಿದಿದೆ. ಮೂವರನ್ನು ಆರಿಸುವ ವಾರ್ಡಿನಲ್ಲಿ ಪ್ರತಿಯೊಬ್ಬರಿಗೂ ಮೂರು ಮತ, ಹೆಸರುಗಳು ಅಕ್ಷರಮಾಲೆಯ ಕ್ರಮದಲ್ಲಿ. ಪಟ್ಟಿಯ ಮೇಲಿರುವವರಿಗೆ ಕೆಳಗಿರುವವರಿಗಿಂತ ಒಂದಿಷ್ಟು ಮತ ಹೆಚ್ಚು ಬೀಳುತ್ತದೆ ಎನ್ನುವುದು ಇಲ್ಲಿ ಬಹಳ ಕಾಲದಿಂದ ಕಂಡುಬಂದ ಸಂಗತಿ. ನಮ್ಮ ಆಚಾರ್ಯರೂ ಭಟ್ಟರೂ ಯೋಚಿಸಬೇಕಾದ ವಿಷಯ!

ಸ್ಥಳೀಯ ಚುನಾವಣೆಯಲ್ಲೂ ಬಿರುಗಾಳಿ ಏಳುವುದುಂಟು. 1968ರಲ್ಲಿ ಹೆರಾಲ್ಡ್ ವಿಲ್ಸನ್ ಸರ್ಕಾರದ ಮೇಲಿನ ಸಿಟ್ಟಿಗೆ ಜನ 32 ಬರೋಗಳಲ್ಲಿ 28ನ್ನು ಕನ್ಸರ್ವೇಟಿವ್ ಪಕ್ಷಕ್ಕೆ ಕೊಟ್ಟರು. ಆ ಅಲೆಯಲ್ಲಿ ಲ್ಯಾಂಬೆತ್ ಬರೋದ ಬ್ರಿಕ್ಸ್‌ಟನ್ನಿನಲ್ಲಿ 25 ವರ್ಷದ ಹುಡುಗನೊಬ್ಬ ಕೌನ್ಸಿಲರ್ ಆದ, 1971ರಲ್ಲಿ ಸೋತ. ಆ ಹುಡುಗ ಜಾನ್ ಮೇಜರ್, 1990ರಲ್ಲಿ ಪ್ರಧಾನಮಂತ್ರಿ.

ಕೌನ್ಸಿಲ್ ನಮ್ಮಂಥವರ ವಿರುದ್ಧವೂ ನಿಲ್ಲಬಹುದು. 1972ರಲ್ಲಿ ಇದಿ ಅಮೀನ್ ಯುಗಾಂಡದಿಂದ ಏಷ್ಯನ್ನರನ್ನು ಹೊರಹಾಕಿದಾಗ, ಲೆಸ್ಟರ್ ನಗರದ ಕೌನ್ಸಿಲ್ ಅಲ್ಲಿನ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿ, ನಮ್ಮ ಊರಿಗೆ ಬರಬೇಡಿ ಎಂದು ಹೇಳಿತು. ಜನ ಬಂದರು, ಹೆಸರು ನೋಂದಾಯಿಸಿದರು, ಮತ ಹಾಕಿದರು, ಚುನಾವಣೆಗೆ ನಿಂತರು. 2008ರಲ್ಲಿ ಅದೇ ಲೆಸ್ಟರಿಗೆ ಮಂಜುಳಾ ಸೂದ್ ಲಾರ್ಡ್ ಮೇಯರ್ ಆದರು, ಈ ದೇಶದಲ್ಲಿ ಆ ಸ್ಥಾನಕ್ಕೇರಿದ ಮೊದಲ ಏಷ್ಯನ್ ಮಹಿಳೆ.

ಕನ್ನಡಿಗರ ಅಧ್ಯಾಯವೂ ಇದೆ. ಜಾನ್ ಮೇಜರ್ ಗೆದ್ದು ಸೋತ ಲ್ಯಾಂಬೆತ್‌ಗೇ 2010ರಲ್ಲಿ ಮೇಯರ್ ಆದವರು ಕಲಬುರಗಿ ಕಡೆಯ ಡಾಕ್ಟರ್ ನೀರಜ್ ಪಾಟೀಲ್. ಅದೇ ಬರೋದಲ್ಲಿ, ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಪಾರ್ಲಿಮೆಂಟಿನಿಂದ ಬಹಳ ದೂರವಲ್ಲದ ಜಾಗದಲ್ಲಿ ಬಸವೇಶ್ವರರ ಪ್ರತಿಮೆ ನಿಂತಿದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣ ಮಾಡಿದರು. ನಮ್ಮಲ್ಲಿ ಅನೇಕರು ಅದರ ಮುಂದೆ ಫೋಟೋ ತೆಗೆಸಿಕೊಂಡಿದ್ದೇವೆ. ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ಕಾಯಕದ ಜನ, ಹೆಂಗಸರು, ಎಲ್ಲರೂ ಕೂತು ಮಾತಾಡಿದರು ಎಂದು ಅಭಿಮಾನದಿಂದ ಇಲ್ಲಿಯವರಿಗೆ ಹೇಳುತ್ತೇವೆ. ಆದರೆ ಇಂದು ನಮಗೆ ಕೂರಲು ಜಾಗವಿರುವ ಸಭೆಯ ಚುನಾವಣೆಯ ದಿನ ಮನೆಯಲ್ಲಿ ಕೂತರೆ, ಆ ಅಭಿಮಾನ ಫೋಟೋದಲ್ಲೇ ಉಳಿದೀತು.

ಊರಿನ ಕಡೆ ನೋಡಿದರೆ ಈ ಮತದ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಬೆಂಗಳೂರು ಮಹಾನಗರ ಪಾಲಿಕೆಗೆ 2015ರ ಆಗಸ್ಟಿನಲ್ಲಿ ಚುನಾವಣೆ ನಡೆಯಿತು. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳೇ ಆಡಳಿತ ನಡೆಸಿದರು. ರಸ್ತೆಗುಂಡಿ, ಕಸ, ಕೆರೆ ಎಂದು ದೂರು ಹೇಳಲು ವಾರ್ಡಿನಲ್ಲಿ ಚುನಾಯಿತ ಮುಖವೇ ಇರಲಿಲ್ಲ. ಅಲ್ಲಿ ನಮ್ಮ ಬಂಧುಗಳು ಮತ ಹಾಕಲು ಕಾದು ಕೂತ ಕಾಲದಲ್ಲಿ, ಇಲ್ಲಿ ನಾವು ಕೈಗೆ ಬಂದ ಮತವನ್ನು ಡಬ್ಬಿಗೆ ಹಾಕುತ್ತಿದ್ದೆವು.

ಕೊನೆಯಲ್ಲಿ ನಾಲ್ಕು ಉಪಯುಕ್ತ ಮಾತು. ಕಾನೂನುಬದ್ಧವಾಗಿ ಇಲ್ಲಿ ನೆಲೆಸಿರುವ ಭಾರತೀಯ ಪ್ರಜೆ, ವೀಸಾ ಮೇಲಿದ್ದರೂ, ಕೌನ್ಸಿಲಿಗೂ ಪಾರ್ಲಿಮೆಂಟಿಗೂ ಮತ ಹಾಕಬಹುದು. ಆದರೆ ಹೆಸರು ತಾನಾಗಿ ಪಟ್ಟಿಗೆ ಸೇರುವುದಿಲ್ಲ, ಚುನಾವಣೆಗೆ 12 ಕೆಲಸದ ದಿನ ಮೊದಲೇ ನೋಂದಣಿ ಆಗಿರಬೇಕು. 2023ರಿಂದ ಇಂಗ್ಲೆಂಡಿನ ಮತಗಟ್ಟೆಗಳಲ್ಲಿ ಫೋಟೋ ಇರುವ ಗುರುತು ತೋರಿಸಬೇಕು, ಅದಕ್ಕೆ ಭಾರತದ ಪಾಸ್‌ಪೋರ್ಟೇ ಸಾಕು. ಖಾಯಂ ವಾಸದ ಪರವಾನಗಿ ಇದ್ದವರು ಚುನಾವಣೆಗೆ ನಿಲ್ಲಲೂಬಹುದು.

ಮಕ್ಕಳ ಗ್ರಂಥಾಲಯ ಉಳಿಯಬೇಕೋ ಮುಚ್ಚಬೇಕೋ, ಹಿರಿಯರ ಆರೈಕೆಗೆ ಎಷ್ಟು ಹಣ, ನಮ್ಮ ಯುಗಾದಿಗೆ ಕೌನ್ಸಿಲಿನ ಸಭಾಂಗಣದ ಬಾಡಿಗೆ ಎಷ್ಟು, ಇವೆಲ್ಲ ತೀರ್ಮಾನವಾಗುವುದು ಆ ಸಣ್ಣ ಬಾಗಿಲಿನ ಒಳಗೆ. ಷಾ ವಾದಿಸಿದ್ದು ಅಲ್ಲೇ, ಮೆನನ್ ಹದಿಮೂರು ವರ್ಷ ಕೂತದ್ದೂ ಅಲ್ಲೇ. ಹನಿಗೂಡಿದರೆ ಹಳ್ಳ ಎನ್ನುವ ಮಾತು ನಮ್ಮದೇ. ಈ ‘ಬರ’ ನೀಗಿಸಲು ನಮ್ಮ ಪಾಲಿನ ಹನಿಯೂ ಬೀಳಲಿ. ಏನಂತೀರಿ?